ಅರ್ಧ ಗಂಟೆ ನೆನೆಯಬೇಕು

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಸಭಿಕರೇ,

ಇವತ್ತು ನನಗೆ ಉಪವಾಸ. ಬೆಳಗ್ಗೆ ಮನೆ ಗುಡಿಸಿ, ಬಟ್ಟೆ ಒಗೆದು, ದೇವರಿಗೆ ದೀಪ ಹಚ್ಚಿ ಬಂದಿದ್ದೇನೆ. ಮಾತು ಉದ್ದವಾದರೆ ನೀವು ಚೀಟಿ ಕಳಿಸಬೇಕಾಗಿಲ್ಲ, ನನ್ನ ಹೊಟ್ಟೆಯೇ ನೆನಪಿಸುತ್ತದೆ.

ಹನ್ನೊಂದು ವರ್ಷದಿಂದ ಈ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತೇನೆ. ನೀವು ಈಗ ಸನ್ಮಾನಿಸಿದ ಹುಡುಗಿ ತನ್ನ ಸಂಶೋಧನೆಗೆ ಮಾಡಿಕೊಂಡ ಪುಡಿಯನ್ನು ತೊಳೆದವಳೂ ನಾನೇ. ಅದರ ಒಂದೊಂದು ಕಣದಲ್ಲೂ ಕಣ್ಣಿಗೆ ಕಾಣದ ತೂತುಗಳು. ಆ ತೂತುಗಳೊಳಗೆ ಪಲ್ಲಾಡಿಯಂ ಎಂಬ ಲೋಹ ಕೂತು, ಎರಡು ಪದಾರ್ಥಗಳನ್ನು ಒಂದುಮಾಡುತ್ತದೆ. ತಾನು ಮಾತ್ರ ಖರ್ಚಾಗುವುದಿಲ್ಲ. ಸೋಸಿ, ತೊಳೆದು, ಒಣಗಿಸಿದರೆ ಮತ್ತೆ ಕೆಲಸಕ್ಕೆ ಸಿದ್ಧ. ಥೇಟ್ ನಮ್ಮಂಥ ಹೆಂಗಸರ ಹಾಗೆ.

ಆದರೆ ಹೋದ ವರ್ಷ ಮೂರನೆಯ ಸಲಕ್ಕೇ ಅದು ಮಲಗಿಬಿಡುತ್ತಿತ್ತು.

"ದೊಡ್ಡಮ್ಮ, ಲೋಹ ಸತ್ತೋಯ್ತು. ಎಲ್ಲಾ ಬಿಟ್ಟು ಮನೆಗೆ ಹೋಗ್ತೀನಿ" ಎಂದಳು ಹುಡುಗಿ.

"ಹೋಗೋದಾದ್ರೆ ಊಟ ಮಾಡಿ ಹೋಗು" ಎಂದೆ.

ಲೋಹ ಸತ್ತಿತ್ತೇ? ಇಲ್ಲ ಸಭಿಕರೇ. ಇಂಥದೇ ಒಂದು ಉಪವಾಸದ ದಿನ ಒಣಗಿಸುವ ಪೆಟ್ಟಿಗೆಯ ಬಾಗಿಲು ತೆರೆದೆ. ಹಸಿದವರ ಮೂಗು ಚುರುಕು. ತೊಳೆದ ಪುಡಿಯಿಂದ ಹಳೆಯ ಪದಾರ್ಥದ ವಾಸನೆ ಬಂತು. 'ಮೂರು ಸಲ, ಪ್ರತಿ ಸಲ ಅರ್ಧ ಗಂಟೆ ನೆನೆಸಿ ತೊಳೆಯಬೇಕು' ಎಂದು ಗೋಡೆಯ ಮೇಲೆ ಚೀಟಿ ಅಂಟಿಸಿದ್ದಾರೆ. ನಾನು ನೆನೆಸುತ್ತಲೇ ಇರಲಿಲ್ಲ. ಜಾಲಾಡಿಸಿ, ಮೇಲೆ ನಿಂತ ದ್ರವ ತಿಳಿಯಾದರೆ ಸಾಕೆಂದು ಮುಗಿಸುತ್ತಿದ್ದೆ. ಕೈಕಟ್ಟಿ ಕೂರುವುದು ಸೋಮಾರಿತನ ಎಂದು ನಮ್ಮಮ್ಮ ಕಲಿಸಿದ್ದಳು. ತೂತಿನೊಳಗಿದ್ದದ್ದು ಹೊರಗೆ ಬರಲು ಹೊತ್ತು ಹಿಡಿಯುತ್ತದೆಂದು ನನಗೆ ಹೊಳೆಯಲಿಲ್ಲ.

ಅವತ್ತೇ ಹೋಗಿ ಹೇಳಿದೆ. ಹುಡುಗಿ ಪುಡಿಯ ಬಟ್ಟಲನ್ನು ಕೈಗೆತ್ತಿಕೊಂಡು, "ಬನ್ನಿ ದೊಡ್ಡಮ್ಮ, ನೆನೆಸೋಣ" ಎಂದಳು. ಆ ಅರ್ಧ ಗಂಟೆ ನಾನು ಜಪ ಮಾಡುತ್ತ ಕೂತೆ. ಅದೇ ಪುಡಿ ಇವತ್ತಿಗೆ ಹನ್ನೆರಡು ಸಲ ದುಡಿದಿದೆ. ನನ್ನ ತಪ್ಪನ್ನು ಅವಳು ಯಾರ ಮುಂದೆಯೂ ಆಡಲಿಲ್ಲ.

ಈಗ ಮುಖ್ಯಸ್ಥರು, ಹೊಸಬರಿಗೆ ತೊಳೆಯುವುದನ್ನು ನೀವೇ ಕಲಿಸಬೇಕು, ಕೈಯಲ್ಲಿ ತಪ್ಪಾಗದವರು ನೀವೊಬ್ಬರೇ ಎನ್ನುತ್ತಿದ್ದಾರೆ. ಸುಳ್ಳಿನ ಮೇಲೆ ಆ ಕುರ್ಚಿಯಲ್ಲಿ ಹೇಗೆ ಕೂರಲಿ? ಅದಕ್ಕೇ ಎಲ್ಲರೆದುರು ಹೇಳಿದೆ. ಇಷ್ಟು ಕೇಳಿದ ಮೇಲೂ ನಾನು ಬೇಕೆನಿಸಿದರೆ, ಉತ್ತರ ಬರೆದಿಟ್ಟಿದ್ದೇನೆ. ಅದರಲ್ಲಿ ಒಂದೇ ಷರತ್ತು: ಕಾಯುವವರು ಕೂರಲು ತೊಳೆಯುವ ಜಾಗದಲ್ಲೊಂದು ಬೆಂಚು ಹಾಕಿಸಬೇಕು.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನನ್ನ ವಂದನೆ, ನಮಸ್ಕಾರ.

ಮಗಳೇ, ನಿನ್ನ ಪುಡಿ ತೊಳೆಯುವ ಕಡೆ ಗೋಡೆಯ ಆ ಚೀಟಿಯ ಹಿಂದೆ ನನ್ನ ಉತ್ತರ ಸಿಕ್ಕಿಸಿದ್ದೇನೆ. ಮುಖ್ಯಸ್ಥರು ಹೂಂ ಎಂದು ತಲೆಯಾಡಿಸಿದರೆ, ಹೋಗಿ ಅವರಿಗೆ ತಂದುಕೊಡು.