ಹಿಂದಿನ ಸೀಟಿನ ಭಾರ

ಬಾವಿಯಿಂದ ವಾಪಸ್ ತಿರುಗಿ ಇಪ್ಪತ್ತು ಹೆಜ್ಜೆ ಇಟ್ಟಿರಲಿಲ್ಲವಂತೆ... ಹಿಂದಿನಿಂದ ಯಾರೋ ಮೆಲ್ಲಗೆ ಅಂದ್ರು.

"ಎತ್ತು."

ಅಷ್ಟೇ. ಒಂದೇ ಮಾತು.

ಇರಿ, ಇರಿ. ಅಲ್ಲಿಂದ ಶುರು ಮಾಡಿದ್ರೆ ನಿಮಗೆ ತಲೆಬುಡ ತಿಳಿಯಲ್ಲ. ಆ ಬಾಗಿಲು ಹಾಕ್ಕೊಂಡು ಬನ್ನಿ, ಗಾಳಿಗೆ ಬಡ್ಕೊಳ್ತಾ ಇದೆ. ಇದು ನಾನು ಎಲ್ಲೋ ಓದಿದ್ದಲ್ಲ. ನನ್ನ ದೊಡ್ಡಮ್ಮನ ಮಗಳು ಇದ್ದಾಳಲ್ಲ, ನಮ್ಮ ಅಕ್ಕ, ಅವಳಿಗೆ ಆಗಿದ್ದು. ಸುಳ್ಳು ಹೇಳೋ ಹೆಂಗಸಲ್ಲ ಅವಳು. ಸುಳ್ಳೇನು, ನಿಜ ಹೇಳೋಕೂ ಹತ್ತು ಸಲ ಕೇಳಬೇಕು, ಅಷ್ಟು ಮಾತು ಕಮ್ಮಿ.

ಅವಳ ಕೆಲಸ ಹಲ್ಲು ಮಾಡೋದು. ಹಲ್ಲಿನ ಡಾಕ್ಟ್ರುಗಳಿಗೆ ಕಟ್ಟು ಹಲ್ಲು ಮಾಡಿಕೊಡೋ ಸಣ್ಣ ಲ್ಯಾಬು. ಬೆಳಗ್ಗೆಯಿಂದ ಸಂಜೆವರೆಗೂ ಮೂಗಿಗೆ ಬಟ್ಟೆ ಕಟ್ಕೊಂಡು, ದೀಪದ ಕೆಳಗೆ ಕೂತು, ಯಾರದೋ ಬಾಯಿಯ ಅಚ್ಚಿಗೆ ಮೇಣ ಹಚ್ಚಿ ಹಲ್ಲು ಕೂರಿಸೋದು, ಉಜ್ಜೋದು. ಮನೆಗೆ ಬಂದ್ರೆ ನಮ್ಮ ದೊಡ್ಡಮ್ಮ. ದೊಡ್ಡಮ್ಮನಿಗೆ ಒಂದು ಪಕ್ಕ ಬಿದ್ದು ಹೋಗಿತ್ತು. ಆರು ವರ್ಷ ಮಂಚದ ಮೇಲೆ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಮತ್ತೆ ಮಂಚಕ್ಕೆ... ಎತ್ತೋಳು ಅಕ್ಕ ಒಬ್ಬಳೇ. ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಅಮ್ಮನ ಕೈ ತನ್ನ ಕತ್ತಿಗೆ ಸುತ್ತಿಸಿ "ಒಂದು, ಎರಡು, ಮೂರು" ಅಂತಿದ್ಲು. ಎತ್ತುತಿದ್ಲು.

ಕಡೇ ದಿನ ರಾತ್ರಿ ದೊಡ್ಡಮ್ಮ ಕರೆದ್ರಂತೆ, "ಎತ್ತೇ" ಅಂತ. ಅಕ್ಕ ಅವತ್ತು ಸುಸ್ತಾಗಿದ್ಲು. "ಬೆಳಗ್ಗೆ ಎತ್ತುತೀನಮ್ಮ" ಅಂದು ಮಗ್ಗುಲು ಬದಲಾಯಿಸಿದ್ಲು.

ಬೆಳಗ್ಗೆ ಎತ್ತೋಕೆ ನಾವು ನಾಲ್ಕು ಜನ ಬೇಕಾಯ್ತು.

ಅಕ್ಕ ಅಳಲಿಲ್ಲ. ಅವತ್ತೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ಕಲ್ಲೆದೆ ಅಂತ ನೆಂಟರು ಆಡ್ಕೊಂಡ್ರು. ನಾನೊಂದು ದಿನ ಕೇಳೇಬಿಟ್ಟೆ, ಹೇಗಿದ್ದೀಯಕ್ಕ ಅಂತ. ಅವಳು ಹೇಳಿದ್ದು ಇದು: "ಹಲ್ಲು ಕೀಳೋಕೆ ಮುಂಚೆ ಸೂಜಿ ಚುಚ್ತಾರಲ್ಲೋ, ಆಮೇಲೆ ತುಟಿ ಮುಟ್ಟಿ ನೋಡು. ಇದೆ ಅಂತ ಗೊತ್ತಾಗುತ್ತೆ. ನಮ್ಮದು ಅನ್ನಿಸಲ್ಲ. ಹಾಗಿದ್ದೀನಿ, ಅಡಿಯಿಂದ ಮುಡಿವರೆಗೂ."

ಹೀಗೇ ಒಂದು ವರ್ಷ. ಖಾಲಿ ಮಂಚದ ಮೇಲಿನ ಹೊದಿಕೆ ಕೂಡ ತೆಗೆದಿರಲಿಲ್ಲ.

ಲ್ಯಾಬಿಗೆ ಹೋಗೋ ದಾರೀಲಿ ಒಂದು ಗ್ಯಾರೇಜು. ಒಂದು ದಿನ ಅದರ ಮುಂದೆ ಒಂದು ದೊಡ್ಡ ಬೈಕು ಮಗುಚಿ ಬಿದ್ದಿತ್ತಂತೆ. ಕಾಡು ಮೇಡು ಮರಳು ಅಂತ ಓಡಿಸ್ತಾರಲ್ಲ, ಅಂಥದ್ದು. ಎತ್ತರ ಸೀಟು, ಕೊಡದಂಥ ಟ್ಯಾಂಕು, ಥೇಟ್ ಎಮ್ಮೆ. ಇಬ್ಬರು ಗಂಡಸರು ಮುಂದೆ ನಿಂತು ಜಗ್ಗಾಡ್ತಾ ಇದ್ರು. ಅಕ್ಕ ಚೀಲ ಕೆಳಗಿಟ್ಲು. ಬೈಕಿಗೆ ಬೆನ್ನು ಕೊಟ್ಟು ಕೂತ್ಲು, ಒಂದು ಕೈ ಹ್ಯಾಂಡಲ್‌ಗೆ, ಒಂದು ಕೈ ಸೀಟಿನ ಅಡಿಗೆ. "ಒಂದು, ಎರಡು, ಮೂರು." ಹಿಂದಕ್ಕೆ ಹೆಜ್ಜೆ ಹಾಕ್ಕೊಂಡೇ ಎದ್ದು ನಿಂತ್ಲು. ಬೈಕೂ ನಿಂತಿತು.

ಗ್ಯಾರೇಜಿನ ಮಾಸ್ತರು ಅಂತ ಒಬ್ಬರಿದ್ರು. ಒಂದು ಮಂಡಿಗೆ ಸ್ಟೀಲು ಹಾಕಿಸ್ಕೊಂಡ ಹಳೇ ರ‍್ಯಾಲಿ ಸವಾರರು. ಅವರು ಬಾಯಿಬಿಟ್ಕೊಂಡು ನೋಡಿ, "ಅಮ್ಮಾ, ಇದನ್ನ ಎತ್ತೋದು ಕಲಿಸೋಕೇ ನಾನು ಎರಡು ದಿನ ತಗೋತೀನಿ. ನೀವು ಓಡಿಸೋದೊಂದೇ ಬಾಕಿ" ಅಂದ್ರಂತೆ.

ಮೂರು ತಿಂಗಳಲ್ಲಿ ಅಕ್ಕ ಅಂಥದ್ದೇ ಒಂದು ಹಳೇ ಬೈಕು ತಗೊಂಡ್ಲು. ನಲವತ್ನಾಲ್ಕು ವರ್ಷದ ಹೆಂಗಸು! ಅಲ್ಲೀವರೆಗೂ ಓಡಿಸಿದ್ದು ಬರೀ ಸ್ಕೂಟರು. ಮನೆಮಂದಿಯೆಲ್ಲ ಬೈದ್ವಿ. ಯಾಕೆ ತಗೊಂಡೆ ಅಂದ್ರೆ ಒಂದೇ ಮಾತು... "ಬಿದ್ರೆ ಎತ್ತಬಹುದಲ್ಲ."

ಭಾನುವಾರ ಭಾನುವಾರ ಮಾಸ್ತರ ಹತ್ರ ಪಾಠ. ನಾನೂ ಒಂದೆರಡು ಸಲ ನೋಡೋಕೆ ಹೋಗಿದ್ದೆ. ಖಾಲಿ ಬಯಲು. ಮೊದಲನೇ ದಿನ ಬರೀ ಬೈಕು ತಳ್ಕೊಂಡು ಸುತ್ತೋದು. ಆಮೇಲೆ ಕೂರಬಾರದು, ನಿಂತೇ ಓಡಿಸಬೇಕು, ಮಂಡಿಯಿಂದ ಟ್ಯಾಂಕು ಅಪ್ಪಿಕೊಂಡು. ಮರಳಲ್ಲಿ ಹಿಡಿತ ಸಿಗಲಿ ಅಂತ ಟೈರಿನ ಗಾಳಿ ಅರ್ಧ ಇಳಿಸೋದು. ಮಾಸ್ತರು ಕುಂಟ್ತಾ ಪಕ್ಕದಲ್ಲೇ ಓಡೋರು. "ಹ್ಯಾಂಡಲ್ ಹಿಸುಕಬೇಡಿ, ಅದೇನು ಹಿಂಡೋ ಬಟ್ಟೆನಾ? ಕಣ್ಣು ಹೋದ ಕಡೆ ಗಾಡಿ ಹೋಗುತ್ತೆ, ಕಲ್ಲು ನೋಡಿದ್ರೆ ಕಲ್ಲಿಗೇ ಗುದ್ದುತೀರ! ಮರಳು ಬಂತಾ? ಹೆದರಿ ಎಕ್ಸಲರೇಟರ್ ಬಿಟ್ರೋ, ಮುಗೀತು ಕತೆ!"

ಅಕ್ಕ ಹೆದರ್ತಾನೇ ಇರಲಿಲ್ಲ. ಬೀಳೋಳು, ಎತ್ತೋಳು, ಹತ್ತೋಳು. ಮುಖದಲ್ಲಿ ಏನೂ ಇರ್ತಿರಲಿಲ್ಲ. ಮಾಸ್ತರು ನನ್ನನ್ನ ಪಕ್ಕಕ್ಕೆ ಕರೆದು ಅಂದ್ರು, "ನಿಮ್ಮಕ್ಕ ಚೆನ್ನಾಗಿ ಓಡಿಸ್ತಾರೆ. ಆದ್ರೆ ಹೆದರಿಕೆ ಇಲ್ಲದೋರನ್ನ ಕಂಡ್ರೆ ನನಗೆ ಹೆದರಿಕೆ ಕಣಪ್ಪ."

ಏಳನೇ ತಿಂಗಳಿಗೆ, ಹೊಸಬರಿಗೆ ಅಂತ ಮಾಡೋ ಒಂದು ಚಿಕ್ಕ ರ‍್ಯಾಲಿ. ಒಂದು ದಿನದ್ದು. ಫೋನಲ್ಲಿ ದಾರಿ ನೋಡೋ ಹಾಗಿಲ್ಲ. ಹ್ಯಾಂಡಲ್ ಮೇಲೆ ಕಾಗದದ ಸುರುಳಿ ಕಟ್ಟಿರ್ತಾರೆ, ಇಷ್ಟು ಕಿಲೋಮೀಟರಿಗೆ ಎಡಕ್ಕೆ, ಇಷ್ಟಕ್ಕೆ ಬಲಕ್ಕೆ ಅಂತ ಬಾಣದ ಗುರುತು. ಅದನ್ನ ತಿರುಗಿಸ್ತಾ, ಮೀಟರು ನೋಡ್ತಾ ಹೋಗಬೇಕು. ಮಧ್ಯಾಹ್ನದವರೆಗೂ ಅಕ್ಕ ಸರಿಯಾಗೇ ಹೋದ್ಲು. ಆಮೇಲೆ ಒಂದು ಒಣ ಹಳ್ಳದಲ್ಲಿ ಬಿದ್ಲು. ಬಿದ್ದ ಏಟಿಗೆ ಮೀಟರು ಸೊನ್ನೆಗೆ ಬಂತು. ಎಷ್ಟು ದೂರ ಬಂದೆ ಅನ್ನೋ ಲೆಕ್ಕ ತಪ್ಪಿತು. ಒಂದು ಬಾಣ ತಪ್ಪಿದ್ರೆ ಮುಂದಿನದ್ದೆಲ್ಲ ತಪ್ಪು. ಸಂಜೆ ಆಗೋ ಹೊತ್ತಿಗೆ ಸುತ್ತ ಒಂದು ನರಪಿಳ್ಳೆ ಇಲ್ಲ. ಫೋನಿಗೆ ಸಿಗ್ನಲ್ಲೂ ಇಲ್ಲ.

ಕತ್ತಲಾಯ್ತು.

ಕಾಲುದಾರಿ ಮುಂದೆ ಹೋಗುತ್ತಾ ನೋಡೋಣ ಅಂತ ಬೈಕು ಆರಿಸಿ ನಿಲ್ಲಿಸಿ, ಟಾರ್ಚು ಹಿಡ್ಕೊಂಡು ನಡೆದ್ಲು. ಸ್ವಲ್ಪ ದೂರದಲ್ಲಿ ಒಂದು ಪಾಳು ಬಾವಿ. ಕಲ್ಲುಕಟ್ಟೆ ಅರ್ಧ ಕುಸಿದಿತ್ತು. ದಾರಿ ಅಲ್ಲಿಗೇ ಮುಗಿದಿತ್ತು. ವಾಪಸ್ ತಿರುಗಿದ್ಲು. ಬೂಟಿನ ಕೆಳಗೆ ಮರಳು... ಚರ್... ಚರ್... ದೂರದಲ್ಲಿ ಬೈಕಿನ ಇಂಜಿನ್ ತಣ್ಣಗಾಗ್ತಾ ಇದ್ದ ಸದ್ದು... ಟಿಕ್... ಟಿಕ್... ಅಷ್ಟು ನಿಶ್ಶಬ್ದ.

ಆಗ ಅಂದ್ರು ನೋಡಿ.

"ಎತ್ತು."

ದಾರಿ ಪಕ್ಕದ ತಗ್ಗಿಗೆ ಟಾರ್ಚಿನ ಬೆಳಕು ಬಿಟ್ಲು. ಒಬ್ಬ ಮನುಷ್ಯ ಮಲಗಿದ್ದ. ತಲೆಗೆ ಹೆಲ್ಮೆಟ್. ಮೈಗೆ ಸವಾರರ ಹಳೇ ಚರ್ಮದ ಕೋಟು. ಎಡಗಾಲು ತಿರುಗಬಾರದ ದಿಕ್ಕಿಗೆ ತಿರುಗಿತ್ತು. ಗಾಜಿನ ಹಿಂದೆ ಮುಖ ಕಾಣಿಸಲಿಲ್ಲ.

"ನಿಮ್ಮ ಗಾಡಿ ಎಲ್ಲಿ?"

"ಯಾವಾಗಲೋ ತಗೊಂಡು ಹೋದ್ರು."

"ನಿಮ್ಮನ್ನ?"

ಮತ್ತೆ ಅದೇ ಮಾತು, "ಎತ್ತು."

ನೀವಾಗಿದ್ರೆ ಏನು ಮಾಡ್ತಿದ್ರಿ? ನಾನಾಗಿದ್ರೆ ಕಾಲಿಗೆ ಬುದ್ಧಿ ಹೇಳ್ತಿದ್ದೆ. ಅಕ್ಕ ಏನು ಮಾಡಿದ್ಲು ಗೊತ್ತಾ... ತಗ್ಗಿಗೆ ಇಳಿದ್ಲು. ಟಾರ್ಚು ಬಾಯಲ್ಲಿ ಕಚ್ಕೊಂಡ್ಲು. ಮಂಡಿ ಬಗ್ಗಿಸಿ, ಅವನ ಕೈ ತೆಗೆದು ತನ್ನ ಕತ್ತಿಗೆ ಸುತ್ತಿಸಿಕೊಂಡ್ಲು.

"ಹೆದರಿಕೆ ಆಗಲಿಲ್ವಾ?" ಅಂತ ಕೇಳ್ದೆ.

"ಆಗಬೇಕಿತ್ತು" ಅಂದ್ಲು. "ಕಾದೆ. ಬರಲಿಲ್ಲ. ಎತ್ತು ಅಂದ್ರಲ್ಲ, ಎತ್ತಿದೆ."

ಭಾರ ಇದ್ದನಂತೆ. ಮನುಷ್ಯ ಎಷ್ಟು ಭಾರ ಇರ್ತಾನೋ ಅಷ್ಟು. ತಣ್ಣಗಿರಲಿಲ್ಲ, ಬೆಚ್ಚಗೂ ಇರಲಿಲ್ಲ. ಉಸಿರಿನ ಸದ್ದು ಮಾತ್ರ ಇರಲಿಲ್ಲವಂತೆ... ಅಷ್ಟು ಹತ್ತಿರ ಇದ್ದೂ.

ಬೈಕಿನ ಹಿಂದಿನ ಸೀಟಿಗೆ ಕೂರಿಸಿದ್ಲು. ಹಿಂದಿನ ಸ್ಪ್ರಿಂಗು "ಗಕ್" ಅಂತ ಕೆಳಗಿಳೀತು. ಮುಂದೆ ಹ್ಯಾಂಡಲ್ ಹಗುರಾಯ್ತು. ಸ್ಟಾರ್ಟ್ ಮಾಡಿ ಹೊರಟ್ಲು. ಮರಳು ಬಂತು. ಅಕ್ಕ ಅಭ್ಯಾಸದಂತೆ ಎದ್ದು ನಿಲ್ಲೋಕೆ ಹೋದ್ಲು. ಕಿವಿ ಹಿಂದೆ ಪಿಸುಮಾತು.

"ಕೂತ್ಕೋ."

ಕೂತ್ಲು.

"ಬಿಡಬೇಡ."

ಎಕ್ಸಲರೇಟರ್ ಬಿಡಲಿಲ್ಲ. ಹಿಂದೆ ಭಾರ ಇದ್ದಿದ್ದಕ್ಕೋ ಏನೋ, ಬೆಳಗ್ಗೆಯೆಲ್ಲ ಹಾವಿನ ಹಾಗೆ ಹೊರಳಾಡಿದ ಬೈಕು ಗೆರೆ ಎಳೆದ ಹಾಗೆ ನೆಟ್ಟಗೆ ಹೋಯ್ತಂತೆ. ಚೈನು ಮಾತ್ರ ಚಳಕ್... ಚಳಕ್... ಅಂತಿತ್ತು. ಒಂದು ಕಡೆ ದಾರಿ ಕವಲಾಯ್ತು. ಸುರುಳಿಯ ಬಾಣ ಬಲಕ್ಕೆ ತೋರಿಸ್ತಿತ್ತು. ಅಕ್ಕ ಬಲಕ್ಕೆ ವಾಲಿಸಿದ್ಲು.

"ಎಡಕ್ಕೆ."

"ಬಾಣ..."

"ಎಡಕ್ಕೆ."

ಎಡಕ್ಕೆ ತಿರುಗಿಸಿದ್ಲು. ಆಮೇಲೆ ಗೊತ್ತಾಯ್ತು. ಬಲಗಡೆ ದಾರಿ ನೂರು ಹೆಜ್ಜೆಗೆ ಮುಗಿಯುತ್ತೆ, ಕಲ್ಲು ಕ್ವಾರಿಯ ಅಂಚಿಗೆ. ಬೇಲಿ ಇಲ್ಲ, ಏನಿಲ್ಲ. ಮೂರು ಆಳಿನಷ್ಟು... ಮೂರಲ್ಲ, ಹದಿಮೂರು ಆಳಿನಷ್ಟು ಆಳ.

ಎಡಗಡೆ ದಾರಿ ಹೋಗಿ ಸೇರಿದ್ದು ಅದೇ ಕ್ವಾರಿಯ ಗೇಟಿಗೆ. ದೀಪ ಕಾಣಿಸ್ತು. ಜಲ್ಲಿ ಲಾರಿಗಳನ್ನ ತೂಕ ಹಾಕೋಕೆ ನೆಲದಲ್ಲಿ ದೊಡ್ಡ ಕಬ್ಬಿಣದ ಹಲಗೆ ಹಾಕಿರ್ತಾರಲ್ಲ, ಅದನ್ನ ದಾಟದೆ ಆಚೆ ರಸ್ತೆಗೆ ಹೋಗೋ ಹಾಗಿಲ್ಲ. ಬೈಕು ಹತ್ತಿದ ತಕ್ಷಣ ಹಲಗೆ "ಧಡ್" ಅಂತು. ಪಕ್ಕದ ಗೂಡಿನಲ್ಲಿ ತೂಕದವನು ತೂಕಡಿಸ್ತಾ ಕೂತಿದ್ದ. ತೂಕದ ಚೀಟಿ ಬರದೆ ಗೇಟು ತೆಗೆಯಲ್ವಂತೆ, ಅಲ್ಲಿನ ರೂಲ್ಸು. ಇರುವೆ ಬಂದ್ರೂ ತೂಕ ಹಾಕೇ ಕಳಿಸ್ತಾನೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

"ಇಬ್ರೂ ಅಲ್ಲಾಡದೆ ಕೂತ್ಕೊಳ್ಳಿ!"

ಇಬ್ರೂ ಅಂದ. ಅಕ್ಕ ಅದನ್ನ ಸ್ಪಷ್ಟವಾಗಿ ಕೇಳಿಸ್ಕೊಂಡ್ಲು.

ಒಳಗೆ ಮೆಷಿನ್ನು ಜರ್‍ರ್ ಅಂತು. ಅವನು ಚೀಟಿ ಹರಿದು ಕೊಟ್ಟ. ಅಕ್ಕ ನೋಡಲೂ ಇಲ್ಲ, ಜೇಬಿಗೆ ತುರುಕಿದ್ಲು. ಗೇಟು ಎತ್ತಿದ.

ಟಾರು ರಸ್ತೆ ಮುಟ್ಟಿದ ತಕ್ಷಣ ಕಿವಿ ಹಿಂದೆ ಕಡೇ ಮಾತು.

"ಸಾಕು."

ಹಿಂದಿನ ಸ್ಪ್ರಿಂಗು ಟಕ್ ಅಂತ ಮೇಲಕ್ಕೆ ಬಂತು. ಅಕ್ಕ ಗೇರು ಬದಲಾಯಿಸಿ ಹೋಗ್ತಾನೇ ಇದ್ಲು.

"ತಿರುಗಿ ನೋಡಲಿಲ್ವಾ?"

"ಇಲ್ಲ. ಅಮ್ಮನ್ನ ಮಲಗಿಸಿ ಬರುವಾಗಲೂ ನೋಡ್ತಿರಲಿಲ್ಲ ಕಣೋ. ನೋಡಿದ್ರೆ ಮತ್ತೆ ಕರೀತಾರೆ."

ರ‍್ಯಾಲಿಯ ಬಿಡಾರ ತಲುಪಿದಾಗ ಮಾಸ್ತರು ರಸ್ತೇಲೇ ನಿಂತಿದ್ರು, ಕೈಯಲ್ಲಿ ದೊಡ್ಡ ದೀಪ. ಹುಡುಕೋಕೆ ಎರಡು ಜೀಪು ಹೊರಟಾಗಿತ್ತು. ಬೈಯೋಕೆ ಬಾಯಿ ತೆಗೆದೋರು, ಅಕ್ಕ ಹೇಳಿದ್ದು ಕೇಳಿ ಬಿಡಾರದೊಳಗೆ ಓಡಿದ್ರು. ಹೆಸರಿನ ಪಟ್ಟಿ ತೆಗೆಸಿ ಎಣಿಸಿದ್ರು. ಅಕ್ಕನನ್ನ ಬಿಟ್ರೆ ಎಲ್ಲ ಸವಾರರೂ ಸಂಜೆಗೇ ಬಂದು ಮುಟ್ಟಿದ್ರು. ಯಾರೂ ಬಾಕಿ ಇರಲಿಲ್ಲ.

ಬೆಳಗ್ಗೆ ಜೀಪಿನವನು ಮಾಸ್ತರನ್ನ ಕರ್ಕೊಂಡು ಆ ಬಾವಿ ಹತ್ರ ಹೋಗಿ ಬಂದ. ತಗ್ಗಿಗೆ ಇಳಿದ ಹೆಜ್ಜೆ ಒಂದೇ ಜೋಡಿ. ಹತ್ತಿ ಬಂದ ಹೆಜ್ಜೆನೂ ಒಂದೇ ಜೋಡಿ, ಅಕ್ಕನ ಬೂಟಿಂದು. ಇಳಿಯುವಾಗ ಬೆರಳಿನಷ್ಟು ಆಳ. ಹತ್ತುವಾಗ... ಹಿಮ್ಮಡಿ ಮುಳುಗೋಷ್ಟು. ಮಾಸ್ತರು ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ. ಅವರಿಗೆ ಏನಾದ್ರೂ ಗೊತ್ತಿತ್ತಾ, ಇಲ್ವಾ... ನಾನು ಕೇಳೋಕೆ ಹೋಗಿಲ್ಲ.

ಅಕ್ಕ ಮನೆಗೆ ಬಂದು ಹದಿನಾಲ್ಕು ಗಂಟೆ ಮಲಗಿದ್ಲು. ಎದ್ದು ದೊಡ್ಡಮ್ಮನ ಮಂಚದ ಹೊದಿಕೆ ತೆಗೆದು ಒಗೆಯೋಕೆ ನೆನೆಸಿದ್ಲು. ನನಗೆ ಫೋನ್ ಮಾಡಿ "ಮಂಚ ಬಿಚ್ಚಬೇಕು, ಸ್ಪ್ಯಾನರ್ ತಗೊಂಡು ಬಾ" ಅಂದ್ಲು. ಬಿಚ್ಚುವಾಗ ಒಂದು ನಟ್ಟು ಜಾರಿ ಅವಳ ಕಾಲ್ಬೆರಳ ಮೇಲೆ ಬಿತ್ತು. "ಅಮ್ಮಾ!" ಅಂತ ಕಿರುಚಿದ್ಲು. ಆಮೇಲೆ ನೆಲದ ಮೇಲೆ ಕೂತು ಕಾಲ್ಬೆರಳನ್ನೇ ನೋಡ್ತಾ ಇದ್ಲು, ತುಂಬಾ ಹೊತ್ತು. ಅತ್ಲು ಅಂತ ಹೇಳಲ್ಲ ನಾನು. ನೋವಾಗ್ತಿದೆ ಕಣೋ, ಅಂದ್ಲು. ಅಷ್ಟೇ.

ಈಗಲೂ ಹಲ್ಲು ಮಾಡ್ತಾಳೆ. ಈಗಲೂ ಬೈಕು ಓಡಿಸ್ತಾಳೆ. ಮುಂದಿನ ರ‍್ಯಾಲಿ ಕಡೇಯವರೆಗೂ ಮುಗಿಸಿದ್ಲು, ಕೊನೆಯಿಂದ ಮೂರನೆಯವಳಾಗಿ. ಮರಳು ಬಂದ್ರೆ ಈಗ ಎದೆ ಹೊಡ್ಕೊಳ್ಳುತ್ತಂತೆ. ಮಾಸ್ತರಿಗೆ ಅದೇ ಸಮಾಧಾನ.

ಮಂಚ ಬಿಚ್ಚಿದ ದಿನವೇ ಅಕ್ಕನ ಕೋಟು ಒಗೆಯುವಾಗ ಆ ತೂಕದ ಚೀಟಿ ಸಿಕ್ಕಿತ್ತು. ನನ್ನ ಕೈಗೇ ಸಿಕ್ಕಿದ್ದು. ತಾರೀಕು ಇದೆ, ಹೊತ್ತು ಇದೆ, ರಾತ್ರಿ ಎಂಟೂ ನಲವತ್ತು. ನಾನು ಸುಮ್ಮನಿರಲಾರದೆ ಮಾರನೇ ವಾರ ಆ ಗೇಟಿಗೆ ಹೋಗಿ ತೂಕದವನನ್ನ ಕೇಳಿದೆ. ಹಿಂದೆ ಒಬ್ಬರು ಕೂತಿದ್ದು ನಿಜ, ಹೆಲ್ಮೆಟ್ ಹಾಕಿದ್ರು ಅಂದ. ಮೆಷಿನ್ನು ಕೆಟ್ಟಿರಲಿಲ್ಲ. ಮುಂಚೆ ಹೋದ ಲಾರಿ, ಆಮೇಲೆ ಬಂದ ಲಾರಿ, ಎರಡರ ತೂಕಾನೂ ಸರಿಯಾಗೇ ಇತ್ತು, ಪುಸ್ತಕ ತೆಗೆದು ತೋರಿಸಿದ.

ಅಕ್ಕನ ತೂಕ ಅರವತ್ತೆರಡು ಕೆಜಿ. ಪೆಟ್ರೋಲು ಸಮೇತ ಬರೀ ಬೈಕಿನ ತೂಕ ಇನ್ನೂರ ಮೂವತ್ತು. ಅಕ್ಕ ಒಬ್ಬಳೇ ಕೂತಿದ್ರೂ ಇನ್ನೂರ ತೊಂಬತ್ತೆರಡು ಬರಬೇಕಿತ್ತು.

ಚೀಟೀಲಿ ಇದ್ದದ್ದು ಇನ್ನೂರ ಮೂವತ್ತು.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ದೀಪದ ಕೆಳಗೆ ಹಿಡಿದು ಮೂರು ಸಲ ಓದಿದ್ದೀನಿ... ಇನ್ನೂರ ಮೂವತ್ತೇ.