ಕೆಂಪು ಮುಚ್ಚಳದ ಸಿರಿಂಜು

ಅಯ್ಯೋ, ಅದಲ್ಲ, ಅದಲ್ಲ! ಇಡು ಕೆಳಗೆ! ಇಡು ಅಂದ್ನಲ್ಲ...

ತಪ್ಪು ತಿಳ್ಕೋಬೇಡ ಕಣಮ್ಮ. ಕೂಗಿಬಿಟ್ಟೆ. ಬೆಚ್ಚಿಬಿದ್ಯಾ? ಕೂತ್ಕೋ, ಕೂತ್ಕೋ. ಭಾವ ಯಾವತ್ತೂ ದನಿ ಎತ್ತಿದವನಲ್ಲ, ಇವತ್ತೇನು ಬಂತು ಇವನಿಗೆ ಅಂತ ನೋಡ್ತಿದ್ದೀಯ ಅಲ್ವಾ? ಏನಿಲ್ಲ. ನೀನು ತಂದಿರೋ ಸಿರಿಂಜು ಕಿತ್ತಳೆ ಮುಚ್ಚಳದ್ದು. ಅದು ಮನುಷ್ಯರಿಗೆ. ಬೆಕ್ಕಿಗೆ ಕೆಂಪು ಮುಚ್ಚಳದ್ದೇ ಆಗಬೇಕು. ಇಗೋ, ಈ ಡಬ್ಬೀಲಿದೆಯಲ್ಲ, ಇದು. ಹೇಳು ನೋಡೋಣ, ಯಾವ ಬಣ್ಣ? ... ಇನ್ನೊಂದು ಸಲ ಹೇಳು. ... ನಗ್ತೀಯಾ? ನಗು, ನಗು. ಮುದುಕ ಸ್ಕೂಲ್ ಮೇಷ್ಟ್ರ ಥರ ಪಾಠ ಒಪ್ಪಿಸ್ಕೊಳ್ತಾನೆ ಅಂತ ತಾನೇ?

ಪಾಠಾನೇ ಇದು. ನಾಳೆಯಿಂದ ಇವನು ನಿನ್ನ ಮನೇಲಿರ್ತಾನೆ, ಅಲ್ಲಿ ನಾನಿರಲ್ಲ. ಬಾರೋ ಸಾಹೇಬ, ಮಂಚದ ಕೆಳಗಿಂದ ಬಾ. ನೋಡು, ಬರಲ್ಲ. ಸಾಹೇಬ್ರು ಅಂತ ಹೆಸರಿಟ್ಟವಳು ನಿಮ್ಮಕ್ಕ, ಆ ಗತ್ತು ಕಲಿಸಿದವಳೂ ಅವಳೇ. ಇವನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ದಿನ ಏನಂದ್ಲು ಗೊತ್ತಾ? 'ಈ ಮನೇಲಿ ನನ್ನ ಕಡೆಯವರು ಅಂತ ಒಬ್ಬರಾದ್ರು' ಅಂದ್ಲು! ಇಪ್ಪತ್ತು ವರ್ಷ ತಾನೊಬ್ಬಳೇ ಚುಚ್ಚಿಕೊಂಡವಳಿಗೆ ಜೊತೆ ಸಿಕ್ಕಿದ ಖುಷಿ.

ಸರಿ, ಕೇಳು. ಬೆಳಿಗ್ಗೆ ಏಳು, ಸಂಜೆ ಏಳು. ಗಂಟೆ ತಪ್ಪಬಾರದು. ಮೊದಲು ಊಟ. ಬಟ್ಟಲು ಖಾಲಿ ಆಯ್ತಾ ಅಂತ ಬಗ್ಗಿ ನೋಡ್ಬೇಕು, ಮೂಸಿ ಬಿಟ್ಟುಬಿಡ್ತಾನೆ ಕೆಲವು ಸಲ. ತಿನ್ನಲಿಲ್ಲ ಅಂದ್ರೆ ಸೂಜಿ ಇಲ್ಲ, ಡಾಕ್ಟರಿಗೆ ಫೋನು. ಇನ್ಸುಲಿನ್ ಸೀಸೆ ಫ್ರಿಜ್ಜಿನ ಬಾಗಿಲಲ್ಲಿ. ಕುಲುಕಬೇಡ, ಅಂಗೈಯಲ್ಲಿ ಮೆಲ್ಲಗೆ ಉರುಳಿಸು. ಎರಡು ಗೆರೆ ಎಳ್ಕೋ. ಗುಳ್ಳೆ ಇದ್ರೆ ಉಗುರಲ್ಲಿ ತಟ್ಟು. ಆಮೇಲೆ ಹೆಗಲ ಹತ್ರ ಸಡಿಲ ಚರ್ಮ ಇರುತ್ತಲ್ಲ, ಟಕ್ಸ್ ಹೊಲಿಯೋಕೆ ಬಟ್ಟೆ ಮಡಿಸಿ ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿ... ಅಷ್ಟೇ. ಅವನಿಗೆ ಗೊತ್ತೂ ಆಗಲ್ಲ.

ಹೆದರಬೇಡ. ನಿಮ್ಮಕ್ಕ ಕಣ್ಣೇ ಕಾಣದೆ ಮಾಡ್ತಿದ್ಲು. ಕೊನೇ ಎರಡು ವರ್ಷ ಅವಳಿಗೆ ಗೆರೆ ಕಾಣ್ತಿರಲಿಲ್ಲ ಅಲ್ವಾ, ನಾನು ಎಳೆದು ಮೇಜಿನ ಮೇಲಿಡ್ತಿದ್ದೆ. ಎಡಗಡೆ ಸಾಹೇಬನದು, ಬಲಗಡೆ ಅವಳದು. ಅಳತೆ ನನ್ನದು, ಚುಚ್ಚೋದು ಅವಳದು. 'ನಲವತ್ತು ವರ್ಷ ಹೊಲಿದ ಟೈಲರು ನೀನು, ಅಳತೆ ತಪ್ಪಲ್ಲ' ಅಂತಿದ್ಲು.

ಏನು? ... ಹೂಂ. ಬೆಕ್ಕಿಗೆ ತಿನ್ನಿಸದೆ ಚುಚ್ಚಿದವಳಲ್ಲ. ತಾನು ಮಾತ್ರ ತಿನ್ನದೆ ಚುಚ್ಚಿಕೊಂಡ್ಲು... ಹೂಂ. ಬಿಡು ಆ ವಿಷಯ. ಅವಳು ಹೋಗಿ ವರ್ಷ ಆಯ್ತಲ್ಲ. ಇನ್ನೂ ಅವಳ ಮೇಲೆ ಸಿಟ್ಟಿಟ್ಕೊಂಡಿದ್ದೀಯಾ? ಮನೇಲಿ ಅವಳ ಫೋಟೋನೂ ಹಾಕಿಲ್ಲವಂತೆ ನೀನು, ನಿನ್ನ ಮಗಳು ಹೇಳಿದ್ಲು. ಹಾಕಮ್ಮ. ಹಾಗೆಲ್ಲ ಮಾಡಬಾರದು.

ಯಾಕೆ ಕಳಿಸ್ತಿದ್ದೀನಿ ಅಂದ್ರೆ... ಹೇಳಿದ್ನಲ್ಲ, ಕೈ ನಡುಗುತ್ತೆ. ನೋಡು. ಕತ್ತರಿ ಹಿಡಿದಾಗ ನಡುಗಲ್ಲ, ಅದೇ ವಿಚಿತ್ರ. ಈ ಮುಚ್ಚಳ ತೆಗೆದಾಗ ಮಾತ್ರ. ಮತ್ತೆ, ಇವನಿದ್ದಾನಲ್ಲ, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅವಳ ಕುರ್ಚಿ ಹತ್ರ ಹೋಗಿ ನಿಲ್ತಾನೆ. ತಲೆ ಎತ್ತಿ, ಕಣ್ಣು ಮುಚ್ಚಿ, ಕತ್ತು ಆ ಕಡೆ ಈ ಕಡೆ ಹೊರಳಿಸ್ತಾನೆ. ಯಾರೋ ತಲೆ ಸವರ್ತಿದ್ದ ಹಾಗೆ! ಕುರ್ಚೀಲಿ ಯಾರೂ ಇಲ್ಲ. ನನಗೆ ಬುದ್ಧಿ ಕೆಟ್ಟಿದೆ ಅಂದ್ಕೋಬೇಡ. ದಿನಾ ನೋಡ್ತೀನಿ. ಒಂದಿನ ತಡೆಯಲಾರದೆ ಕುರ್ಚೀನ ಒಳಗಿನ ಕೋಣೆಗೆ ಹಾಕಿ ಬೀಗ ಹಾಕಿದೆ. ಬಾಗಿಲ ಹತ್ರ ಹೋಗಿ ನಿಂತ. ಕೆಳಗೆ ಅಂಗಡೀಲಿ ಮಿಷನ್ ತುಳೀತಿರ್ತೀನಿ, ಮೇಲೆ ಧಡ್ ಅಂತ ಶಬ್ದ ಬರುತ್ತೆ. ಬೆಕ್ಕು ಹಾರಿದ್ದು ಅಂತ ಗೊತ್ತು. ಆದ್ರೂ ಓಡಿಬರ್ತೀನಿ. ದಿನಕ್ಕೆ ಐದು ಸಲ, ಆರು ಸಲ. ಮಂಡಿ ಸವೆದುಹೋಯ್ತು.

ಮುಖ್ಯವಾದದ್ದು ಮರೆತೆ. ಔಷಧಿ ಹೆಚ್ಚಾಗಿ ಸಕ್ಕರೆ ಇಳಿದ್ರೆ ತೂರಾಡ್ತಾನೆ, ದಿಟ್ಟಿಸಿ ನೋಡ್ತಾನೆ, ಕರೆದ್ರೆ ಗುರುತು ಸಿಗಲ್ಲ. ತಕ್ಷಣ ಜೇನುತುಪ್ಪ ಬೆರಳಲ್ಲಿ ತಗೊಂಡು ವಸಡಿಗೆ ಉಜ್ಜಬೇಕು. ಕಾಯಬಾರದು. ಅರ್ಧ ಗಂಟೆನೂ ಕಾಯಬಾರದು ಕಣೇ... ಹತ್ತಿರ ಯಾರಾದ್ರೂ ಇದ್ರೆ ಉಳೀತಾರೆ. ಉಳೀತಾನೆ.

ಮತ್ತೆ ಆ ಕಿತ್ತಳೆ ಯಾಕೆ ಕೈಗೆತ್ಕೊಂಡೆ? ... ಓ, ಎರಡಕ್ಕೂ ಏನು ವ್ಯತ್ಯಾಸ ಅಂತ. ಗೆರೆಗಳನ್ನ ನೋಡು. ಇಗೋ ಟೇಪು. ಈ ಕಡೆ ಇಂಚು, ತಿರುಗಿಸಿದ್ರೆ ಸೆಂಟಿಮೀಟರು. ಸೆಂಟಿಮೀಟರಲ್ಲಿ ಇಪ್ಪತ್ತು ಅಂದ್ರೆ ಒಂದು ಗೇಣು. ಇಂಚಲ್ಲಿ ಇಪ್ಪತ್ತು ಅಂದ್ರೆ ಎರಡು ಗೇಣು ದಾಟುತ್ತೆ. ಅಂಕಿ ಒಂದೇ, ಬಟ್ಟೆ ಬೇರೆ. ಇದೂ ಹಾಗೇ. ಬೆಕ್ಕಿನ ಔಷಧಿ ತೆಳು, ಮನುಷ್ಯರದ್ದು ಗಟ್ಟಿ. ಬೆಕ್ಕಿಂದನ್ನ ಕಿತ್ತಳೇಲಿ ಎಳೆದ್ರೆ ಅದಕ್ಕೆ ಸಾಲಲ್ಲ, ಅಷ್ಟೇ. ಎರಡು ದಿನ ಸಕ್ಕರೆ ಏರುತ್ತೆ, ಇಳಿಸ್ಕೋಬಹುದು. ಉಲ್ಟಾ ಆಗಬಾರದು. ಮನುಷ್ಯರ ಔಷಧೀನ ಈ ಕೆಂಪು ಮುಚ್ಚಳದ್ದರಲ್ಲಿ ಇಪ್ಪತ್ತು ಗೆರೆ ಎಳೆದ್ರೆ ಒಳಗೆ ಹೋಗೋದು ಐವತ್ತು. ಐವತ್ತು! ಆನೆಯಂಥವರೂ ಮಧ್ಯಾಹ್ನದೊಳಗೆ...

ಏನು?

ಹಾಗೆ ಯಾರು ಮಾಡ್ತಾರೆ ಅಂತ ಕೇಳ್ತೀಯಾ... ಮಾತಿಗೆ ಹೇಳಿದೆ ಕಣಮ್ಮ. ಯಾರೋ ಹೇಳಿದ್ರು. ಔಷಧಿ ಅಂಗಡಿಯವನೋ, ಬೆಕ್ಕಿನ ಡಾಕ್ಟರೋ. ನೆನಪಿಲ್ಲ.

ಇಪ್ಪತ್ತೇ ಯಾಕೆ ಅಂದ್ರೆ... ಬಾಯಿಗೆ ಬಂದ ಅಂಕಿ. ಹೂಂ, ನಿಮ್ಮಕ್ಕಂದೂ ಇಪ್ಪತ್ತೇ. ಅದಕ್ಕೇನೀಗ?

ಯಾಕೆ ಹಾಗೆ ನೋಡ್ತಿದ್ದೀಯ? ಸಿರಿಂಜು ಕೆಳಗಿಡು. ಆ ಗೆರೆ ಎಣಿಸ್ಬೇಡ. ಬೈಯಿ ಬೇಕಾದ್ರೆ. ಹೀಗೆ ದಿಟ್ಟಿಸಬೇಡ, ಅವಳೂ ಕೋಪ ಬಂದ್ರೆ ಹೀಗೇ ನೋಡ್ತಿದ್ದದ್ದು...

ಕಿತ್ತಳೆ ಪ್ಯಾಕೆಟ್ ಖಾಲಿಯಾಗಿತ್ತು. ಹಿಂದಿನ ದಿನವೇ ತಗೊಂಡು ಬಾ ಅಂದಿದ್ಲು, ಮರೆತೆ. ಸ್ಕೂಲು ಶುರುವಾಗೋ ಸಮಯ, ಎಪ್ಪತ್ತು ಯೂನಿಫಾರ್ಮ್ ಬಾಕಿ. ಕೆಂಪು ಡಬ್ಬಿ ತುಂಬಾ ಇತ್ತು. ಅದರಲ್ಲೇ ಅವಳ ಔಷಧಿ ಇಪ್ಪತ್ತು ಗೆರೆ ಎಳೆದು ಬಲಗಡೆ ಇಟ್ಟೆ. ಅವಳು ಬೆರಳಲ್ಲಿ ಸವರಿ 'ಇದು ಬೇರೆ ಥರ ಇದೆಯಲ್ಲ' ಅಂದ್ಲು. ತಲೆ ತಿನ್ನಬೇಡ, ಅಂಗಡಿ ತೆಗೀಬೇಕು ಅಂದೆ. ಅಷ್ಟೇ ನಾನು ಅವಳಿಗೆ ಕೊನೇದಾಗಿ ಹೇಳಿದ್ದು. ಹನ್ನೊಂದು ಗಂಟೆಗೆ ಮೇಲೆ ಧಡ್ ಅಂತು. ಈ ಬೆಕ್ಕಿನ ಕಾಟ ಅಂದ್ಕೊಂಡು ಇನ್ನೊಂದು ತೋಳು ಹೊಲಿದೆ. ಎರಡು ಹೊಲಿದೆ. ಒಂದೂವರೆಗೆ ಊಟಕ್ಕೆ ಬಂದ್ರೆ ಕುರ್ಚಿ ಪಕ್ಕ ಬಿದ್ದಿದ್ಲು. ಕೈ ತಣ್ಣಗಾಗಿತ್ತು. ಇವನು ಅವಳ ಅಂಗೈಗೆ ತಲೆ ತಾಗಿಸ್ತಾ ತಾಗಿಸ್ತಾ ನಿಂತಿದ್ದ. ಮೇಜಿನ ಮೇಲೆ ಕೆಂಪು ಮುಚ್ಚಳ. ಅದರ ಗೆರೆ ಎಣಿಸಿದೆ. ಟೈಲರಿಗೆ ಎಷ್ಟು ಹೊತ್ತು ಬೇಕು ಕಣಮ್ಮ ಗೊತ್ತಾಗೋಕೆ? ಒಂದು ನೋಟ ಸಾಕು.

ಡಾಕ್ಟರು ಬಂದು ತಿಂಡಿ ತಿಂದಿದ್ರಾ ಅಂತ ಕೇಳಿದ್ರು. ಇಲ್ಲ ಅಂದೆ. ಓ ಹಾಗಾದ್ರೆ ಅದೇ ಅಂದ್ರು. ಆಮೇಲೆ ಬಂದವರೆಲ್ಲ ಅದನ್ನೇ ಹೇಳಿದ್ರು. ನೀನು ಅವಳ ಕಾಲ ಹತ್ರ ಕೂತು ಅವಳನ್ನೇ ಬೈದೆ. 'ಯಾವಾಗ್ಲೂ ಹೀಗೇ ನೀನು, ಹೊಟ್ಟೆ ಖಾಲಿ ಇಟ್ಕೊಂಡು ನಮ್ಮನ್ನೆಲ್ಲ ಬಿಟ್ಟು ಹೋದೆ' ಅಂತ ಹೊಡ್ಕೊಂಡು ಹೊಡ್ಕೊಂಡು ಅತ್ತೆ. ನಾನು ಪಕ್ಕದಲ್ಲೇ ನಿಂತಿದ್ದೆ. ನಿನಗೆ ನೀರು ತಂದುಕೊಟ್ಟೆ.

ಅವಳು ತಿಂದಿದ್ಲು. ಎರಡು ಸಲ ಹಾಕಿಸ್ಕೊಂಡು ತಿಂದಿದ್ಲು. ತಟ್ಟೆ ಮೇಜಿನ ಮೇಲೆ ಹಾಗೇ ಇತ್ತು, ಬೆರಳಿನ ಗುರುತು ಸಮೇತ. ನಾನು ಅದನ್ನ ತೊಳೆದೆ. ಬಟ್ಟೇಲಿ ಒರೆಸಿ ಕಪಾಟಿನಲ್ಲಿ ಇಟ್ಟೆ. ಆಮೇಲೆ ಡಾಕ್ಟರಿಗೆ ಫೋನ್ ಮಾಡಿದೆ.