ಮಗುವಿನ ತೂಕ ಯಾವುದು

ಹಿಂದೂಪುರದ ಬಸ್‌ ಸ್ಟ್ಯಾಂಡಿನಲ್ಲಿ ಗಂಗುಲಮ್ಮ ಜ್ವರದ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಕಲ್ಯಾಣದುರ್ಗದ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಕಂಪ್ಯೂಟರ್ ಓದುವ ಇಬ್ಬರು ಕೂತಿದ್ದರು. ಮಕ್ಕಳಿಗೆ ಎಷ್ಟು ಔಷಧಿ ಕೊಡಬೇಕೆಂದು ತೂಕದ ಮೇಲೆ ಲೆಕ್ಕ ಹಾಕಲು ಸಾಯಿಕುಮಾರ್ ಬರೆದ ಜಾವಾ ಪ್ರೋಗ್ರಾಮಿನ ಹಾಳೆಯನ್ನು ಭಾರ್ಗವಿ ಎರಡೇ ಬೆರಳಲ್ಲಿ ಹಿಡಿದಿದ್ದಳು.

“ಥೂ, ಒಂದೇ ಸಾಲಲ್ಲಿ ಎ, ಬಿ, ಸಿ, ಡಿ ಅಂತ ತುರುಕಿದ್ದೀಯ. ಇದ್ರಾಗೆ ಮಗು ತೂಕ ಯಾವ್ದು?”

“ಬಿ ಇರಬೇಕು.”

“ಬಿ ವಯಸ್ಸು ಕಣಪ್ಪ. ಅದನ್ನೇ ತೂಕ ಅಂದ್ಕೊಂಡು ಔಷಧಿ ಲೆಕ್ಕ ಹಾಕ್ಬುಟ್ಟಿದ್ದೀಯ.”

“ಪ್ರೋಗ್ರಾಮ್ ಓಡ್ತದಲ್ಲ, ಬುಡು.”

“ನಾಳೆ ಇದನ್ನ ಆಸ್ಪತ್ರೆಗೆ ಕೊಡ್ಬೇಕು.”

“ಒಂದೊಂದಕ್ಕೂ ಹೆಸರು ಬರೆಯಾಕೆ ಟೈಮ್ ಲೇದು, ಇಲ್ವೇ ಇಲ್ಲ.”

“ಮಗು ತೂಕ, ಮಗು ವಯಸ್ಸು ಅಂತ ಎರಡು ಸಾಲು ಬರೆಯಾಕಾ?”

ಗಂಗುಲಮ್ಮ ಮೊಮ್ಮಗಳನ್ನು ಹತ್ತಿರಕ್ಕೆಳೆದುಕೊಂಡಳು.

“ನಾನೇ ಮೊದಲಿಂದ ಬರೀತೀನಿ. ನೀನು ಮುಟ್ಬೇಡ,” ಎಂದು ಹಾಳೆಯನ್ನು ಹರಿದು ಭಾರ್ಗವಿ ಕಾಲೇಜಿನ ಕಡೆ ವಾಪಸು ನಡೆದಳು. ಅವನೂ ಎದ್ದು ಹಿಂದೆಯೇ ಹೋದ.